ಮನೆಯ ದೀಪ, ಊರಿನ ಸಾಲ



ಹುಕ್ಕೇರಿ ತಾಲ್ಲೂಕಿನ ಮನೆಗಳಿಗೆ ಭೇಟಿಗೆ ಹೋದಾಗ ಗುರುಗಳಿಗೆ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: “ಫಾದರ್, ನಮ್ಮ ಕರೆಂಟಿನ ಸಂಘ ಮುಳುಗಿದ್ರ ಮುಂದ ಹೆಂಗ್ರಿ?” ಇದು ಬರೀ ಲೆಕ್ಕಪತ್ರದ ಪ್ರಶ್ನೆಯೆಂದು ನಕ್ಕು ಬಿಡುವ ಹಾಗಿಲ್ಲ. ಕೇಳುವ ತಾಯಿಗೆ ಮಗನ ಪರೀಕ್ಷೆ ಇದೆ, ಹಿತ್ತಲಿನ ಬೋರಿನಿಂದ ನೀರು ಮೇಲೇರಬೇಕು, ಅತ್ತೆಯವರ ಔಷಧಿ ಫ್ರಿಜ್ಜಿನಲ್ಲಿದೆ. ಒಂದು ಗುಂಡಿ ಒತ್ತಿದರೆ ಬರುವ ಬೆಳಕಿನ ಹಿಂದೆ ಇಡೀ ಸಂಸಾರ ನಿಂತಿದೆ. ಆ ಪ್ರಶ್ನೆಯನ್ನು ಸ್ವಲ್ಪ ತಾಳ್ಮೆಯಿಂದ ಬಿಡಿಸಿ ನೋಡಿದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ನಮಗೆ ಏನಾದೀತು ಎಂಬುದು ಮೊದಲನೆಯದು. ನಾವು ಏನು ಮಾಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಕಾಯ್ದೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಮನಸ್ಸಾಕ್ಷಿಯೇ ಉತ್ತರ ಕೊಡಬೇಕು.

ನಮ್ಮ ಭಾಗದ ವಿಶೇಷ

ಗೋಕಾಕದಲ್ಲಿ, ಮೂಡಲಗಿಯಲ್ಲಿ ಇರುವ ನಮ್ಮ ಓದುಗರಿಗೆ ವಿದ್ಯುತ್ ಕೊಡುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಇದು ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ ಮತ್ತು ವಿಜಯಪುರ ಎಂಬ ಏಳು ಜಿಲ್ಲೆಗಳಿಗೆ ಬೆಳಕು ಹಂಚುವ ಸರ್ಕಾರಿ ಕಂಪನಿ. ಆದರೆ ಗಡಿ ದಾಟಿ ಹುಕ್ಕೇರಿ ತಾಲ್ಲೂಕಿಗೆ ಬಂದರೆ ಬಿಲ್ಲಿನ ಮೇಲಿನ ಹೆಸರು ಬದಲಾಗುತ್ತದೆ. ಅಲ್ಲಿ ವಿದ್ಯುತ್ ಹಂಚುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಇಡೀ ಕರ್ನಾಟಕದಲ್ಲಿ ವಿದ್ಯುತ್ ಹಂಚುವ ಇಂಥ ಸಹಕಾರಿ ಸಂಘ ಇದೊಂದೇ.

ಈ ಸಂಘ ಹುಟ್ಟಿದ್ದು 1969ರಲ್ಲಿ. ಅಂದು ಹಳ್ಳಿಗಳಿಗೆ ದೀಪ ಬರುವುದೇ ಕನಸಾಗಿತ್ತು. ಅಮೆರಿಕದ ರೈತರು 1930ರ ದಶಕದಿಂದ ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡು ಊರೂರಿಗೆ ತಂತಿ ಎಳೆದ ಅನುಭವ ಕಂಡು, ಅವರ ನೆರವಿನೊಂದಿಗೆ ನಮ್ಮ ದೇಶದಲ್ಲಿಯೂ ಐದು ಕಡೆ ಆ ಪ್ರಯೋಗ ಆರಂಭವಾಯಿತು. ಆಂಧ್ರದ (ಈಗಿನ ತೆಲಂಗಾಣದ) ಸಿರಿಸಿಲ್ಲಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ-ಪ್ರವರಾ, ಮತ್ತು ನಮ್ಮ ಹುಕ್ಕೇರಿ. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ 1880ರ ದಶಕದಲ್ಲೇ ತಿರುಗತೊಡಗಿತ್ತು. ಆದರೆ ಅದೇ ಹೊಳೆಯ ದಂಡೆಯ ರೈತನ ಮನೆಗೆ ದೀಪ ಬರಲು ಅನೇಕ ದಶಕಗಳು ಬೇಕಾದವು. ದೊಡ್ಡವರ ಯಂತ್ರ ತಿರುಗಿದ ಮಾತ್ರಕ್ಕೆ ಬಡವನ ಮನೆ ಬೆಳಗುವುದಿಲ್ಲ ಎಂಬುದನ್ನು ಕಂಡೇ ನಮ್ಮ ಹಿರಿಯರು ಶೇರು ಕೂಡಿಸಿ ಸಂಘ ಕಟ್ಟಿದರು.

ಸಂಘ ತಾನೇ ವಿದ್ಯುತ್ ಉತ್ಪಾದಿಸುವುದಿಲ್ಲ. ಹೆಸ್ಕಾಂನಿಂದ ಸಗಟಾಗಿ ಕೊಂಡು, ತನ್ನ ಕಂಬ, ತಂತಿ, ಟೀಸಿಗಳ ಮೂಲಕ ಮನೆಗೆ, ಹೊಲಕ್ಕೆ, ಹಿಟ್ಟಿನ ಗಿರಣಿಗೆ ಮುಟ್ಟಿಸುತ್ತದೆ. ಕೊಳ್ಳುವ ದರ, ಮಾರುವ ದರ ಎರಡನ್ನೂ ಬೆಂಗಳೂರಿನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ನಡುವೆ ಉಳಿಯುವ ಅಂತರದಲ್ಲಿಯೇ ಲೈನ್‌ಮನ್‌ಗಳ ಸಂಬಳ, ಸುಟ್ಟ ಟೀಸಿಯ ದುರಸ್ತಿ, ಬಿದ್ದ ಕಂಬದ ಬದಲಿ ಎಲ್ಲವೂ ನಡೆಯಬೇಕು. ಹಂಚುವ ದಾರಿಯಲ್ಲಿ ಸೋರುವ ವಿದ್ಯುತ್ತು, ಬಾರದ ಬಿಲ್ಲು, ತಡವಾಗುವ ಸರ್ಕಾರದ ಸಹಾಯಧನ, ಈ ಮೂರರಲ್ಲಿ ಯಾವುದು ಹೆಚ್ಚಿದರೂ ಆ ಅಂತರ ಕರಗುತ್ತದೆ. ಸಣ್ಣ ಸಂಸ್ಥೆಯ ಬಲವೂ ಬಲಹೀನತೆಯೂ ಇಲ್ಲಿಯೇ ಇದೆ. ಏಳು ಜಿಲ್ಲೆಯ ಕಂಪನಿಗೆ ಒಂದು ತಾಲ್ಲೂಕಿನ ನಷ್ಟ ಹೊರಲಾಗದ ಹೊರೆಯಲ್ಲ. ಒಂದೇ ತಾಲ್ಲೂಕಿನ ಸಂಘಕ್ಕೆ ಆ ತಾಲ್ಲೂಕೇ ಸರ್ವಸ್ವ.

ದೀಪ ಆರುವುದೇ?

ಈಗ ಮೊದಲ ಪ್ರಶ್ನೆಗೆ ಬರೋಣ. ವಿದ್ಯುತ್ ಹಂಚುವ ಒಂದು ಸಂಸ್ಥೆ ಸೋತರೆ ಮನೆ ಕತ್ತಲಾಗುತ್ತದೆಯೇ? 2003ರ ವಿದ್ಯುಚ್ಛಕ್ತಿ ಕಾಯ್ದೆ ಹಾಗಾಗಲು ಬಿಡುವುದಿಲ್ಲ. ಪರವಾನಗಿ ಪಡೆದ ಸಂಸ್ಥೆ ತನ್ನ ಕರ್ತವ್ಯ ನಡೆಸದಿದ್ದರೆ ಆಯೋಗ ಪರವಾನಗಿಯನ್ನು ಅಮಾನತಿನಲ್ಲಿಟ್ಟು ಆಡಳಿತಾಧಿಕಾರಿಯನ್ನು ನೇಮಿಸಬಹುದು. ಕೊನೆಗೆ ಪರವಾನಗಿ ರದ್ದು ಮಾಡಿ ವ್ಯವಸ್ಥೆಯನ್ನು ಬೇರೊಬ್ಬರ ಕೈಗೆ ಒಪ್ಪಿಸಬಹುದು. ಕಂಬ ಅಲ್ಲೇ ಇರುತ್ತದೆ, ತಂತಿ ಅಲ್ಲೇ ಇರುತ್ತದೆ. ಬಿಲ್ಲಿನ ಮೇಲಿನ ಹೆಸರು ಮಾತ್ರ ಬದಲಾಗುತ್ತದೆ.

ಇದಕ್ಕೆ ನೆರೆಯಲ್ಲೇ ನಿದರ್ಶನವಿದೆ. ಹುಕ್ಕೇರಿಯ ಜೊತೆಗಾರನಾಗಿ ಹುಟ್ಟಿದ ಮುಳಾ-ಪ್ರವರಾ ಸಂಘ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಶ್ರೀರಾಮಪುರ ಭಾಗದಲ್ಲಿ ನಾಲ್ಕು ದಶಕ ದೀಪ ಹಂಚಿತು. ಸಗಟು ದರದ ಬಗ್ಗೆ ರಾಜ್ಯದ ಸಂಸ್ಥೆಯೊಡನೆ ಜಗಳ, ಬೆಟ್ಟದಂತೆ ಬೆಳೆದ ಬಾಕಿ, ಇವುಗಳ ನಡುವೆ ಅದು ಬಳಲಿತು. 2011ರಲ್ಲಿ ಅದರ ಪರವಾನಗಿಯ ಕಾಲ ಮುಗಿದು, ವಿದ್ಯುತ್ ಹಂಚುವ ಕೆಲಸ ಮಹಾರಾಷ್ಟ್ರದ ಸರ್ಕಾರಿ ಕಂಪನಿಯ ಕೈಗೆ ಹೋಯಿತು. ಮನೆಗಳ ದೀಪ ಆರಲಿಲ್ಲ. ಆದರೆ ಹಿರಿಯರು ಶೇರು ಹಾಕಿ ಕಟ್ಟಿದ ಆಸ್ತಿಗೆ ಎಷ್ಟು ಬೆಲೆ, ಯಾರು ಯಾರಿಗೆ ಕೊಡಬೇಕು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು.

ದೂರದ ಉದಾಹರಣೆಯೂ ಉಂಟು. ಬ್ರಿಟನ್ನಿನಲ್ಲಿ 2021ರ ಚಳಿಗಾಲದ ಹೊತ್ತಿಗೆ ಅನಿಲದ ಸಗಟು ಬೆಲೆ ಏರಿದಾಗ, ಮನೆಗಳಿಗೆ ಅನಿಲ ಮತ್ತು ವಿದ್ಯುತ್ ಮಾರುತ್ತಿದ್ದ ಸಣ್ಣಪುಟ್ಟ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಒಂದು ವರ್ಷದೊಳಗೆ ಸುಮಾರು 30. ಯಾರ ಮನೆಯ ಸಂಪರ್ಕವೂ ಕಡಿಯಲಿಲ್ಲ. ನಿಯಂತ್ರಣ ಸಂಸ್ಥೆ ಆ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಒಪ್ಪಿಸಿತು; ಅವರು ಮುಂಗಡ ಕಟ್ಟಿದ್ದ ಹಣವನ್ನೂ ಕಾಪಾಡಿತು. ಆದರೆ ಆ ಖರ್ಚು ಎಲ್ಲಿಂದ ಬಂತು? ದೇಶದ ಎಲ್ಲ ಮನೆಗಳ ಬಿಲ್ಲಿಗೆ ಹಂಚಿ ಹಾಕಲಾಯಿತು. ಮುಳುಗಿದ ಕಂಪನಿಯ ಮುಖವನ್ನೇ ಕಾಣದ ಬಡ ಮುದುಕಿಯೂ ಅದರ ಸಾಲದ ಪಾಲು ತೆತ್ತಳು.

ಈ ಎರಡು ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟ. ಸಂಸ್ಥೆ ಸೋತಾಗ ದೀಪ ಉಳಿಯುತ್ತದೆ, ನಷ್ಟವೂ ಉಳಿಯುತ್ತದೆ. ಅದು ಯಾರಾದರೊಬ್ಬರ ಹೆಗಲಿಗೆ ಹೋಗಿ ಕೂರುತ್ತದೆ. ಆದ್ದರಿಂದ “ನಮ್ಮ ದೀಪ ಆರೀತೇ?” ಎಂಬುದಕ್ಕಿಂತ “ನಾನು ಇಳಿಸಿದ ಹೊರೆ ಯಾರ ಹೆಗಲೇರುತ್ತದೆ?” ಎಂಬ ಪ್ರಶ್ನೆಯೇ ಕ್ರೈಸ್ತ ಕುಟುಂಬ ಕೇಳಿಕೊಳ್ಳಬೇಕಾದದ್ದು.

ಎಣ್ಣೆಯ ಪಾತ್ರೆ ಮತ್ತು ತಂತಿ

ಶುಭಸಂದೇಶದ ಹತ್ತು ಮಂದಿ ಕನ್ಯೆಯರ ಸಾಮತಿ ನಮಗೆಲ್ಲ ಗೊತ್ತು. ಜಾಣೆಯರು ದೀಪದ ಜೊತೆಗೆ ಎಣ್ಣೆಯನ್ನೂ ತಂದಿದ್ದರು. ಮುಂದಾಲೋಚನೆ ಸದ್ಗುಣವೆಂದು ಪ್ರಭುವೇ ಕಲಿಸಿದ ಮೇಲೆ, ಮನೆಯೊಡತಿ ನಾಳೆಯ ದೀಪದ ಬಗ್ಗೆ ಯೋಚಿಸುವುದು ಅವಿಶ್ವಾಸವೆಂದು ಯಾರೂ ಗದರಬಾರದು. ಮಕ್ಕಳಿರುವ ಮನೆಯಲ್ಲಿ ನಾಳೆಯನ್ನು ಯೋಚಿಸುವುದೂ ಪ್ರೀತಿಯ ಒಂದು ರೂಪ.

ಆದರೆ ಭಯದಲ್ಲಿ ಎರಡು ಬಗೆ. ಒಂದು ಎಚ್ಚರಿಸುತ್ತದೆ, ಇನ್ನೊಂದು ಓಡಿಸುತ್ತದೆ. “ಸಂಘ ಹೇಗೂ ಮುಳುಗುತ್ತದಂತೆ, ಈಗ ಬಿಲ್ಲು ಕಟ್ಟಿದರೆ ನೀರಿಗೆ ಹಾಕಿದ ಹಾಗೆ” ಎಂಬ ಮಾತು ಚಹಾದಂಗಡಿಯಲ್ಲಿ ಹುಟ್ಟಿ ಓಣಿಗೆ ಬಂದರೆ ಏನಾಗುತ್ತದೆ ನೋಡಿ. ಹತ್ತು ಮನೆಯವರು ಕಟ್ಟುವುದನ್ನು ನಿಲ್ಲಿಸುತ್ತಾರೆ. ಅವರನ್ನು ನೋಡಿ ಮತ್ತೆ ನೂರು ಮನೆ. ಆಗ ನಿಜವಾಗಿಯೂ ಸಗಟು ಬಿಲ್ಲು ಕಟ್ಟಲು ಸಂಘದಲ್ಲಿ ಹಣವಿರುವುದಿಲ್ಲ. ಗಾಳಿಮಾತು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಠೇವಣಿದಾರರೆಲ್ಲ ಒಂದೇ ದಿನ ಬಾಗಿಲಿಗೆ ಬಂದರೆ ಗಟ್ಟಿ ಬ್ಯಾಂಕೂ ಬೀಳುವುದು ಹೀಗೆಯೇ.

ಇಲ್ಲಿ ಸಾಮತಿಯ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಎಣ್ಣೆ ಅವರವರ ಪಾತ್ರೆಯಲ್ಲಿತ್ತು. ಒಬ್ಬಳ ಪಾತ್ರೆ ಬರಿದಾದರೆ ಇನ್ನೊಬ್ಬಳ ದೀಪ ಆರುತ್ತಿರಲಿಲ್ಲ. ವಿದ್ಯುತ್ತು ಬರುವುದು ಎಲ್ಲರಿಗೂ ಸೇರಿದ ಒಂದೇ ತಂತಿಯಲ್ಲಿ. ಒಂದು ಓಣಿಯ ಮನೆಗಳೆಲ್ಲ ಒಂದೇ ಟೀಸಿಗೆ ಕಟ್ಟಿಕೊಂಡಿವೆ. ಯಾರೋ ಕೊಕ್ಕೆ ಹಾಕಿ ಎಳೆದ ಭಾರಕ್ಕೆ ಅದು ಸುಟ್ಟರೆ ಪ್ರಾಮಾಣಿಕನ ಮನೆಯೂ ಕತ್ತಲು. “ನನ್ನ ಪಾಡಿಗೆ ನಾನು” ಎಂಬ ಜಾಣತನಕ್ಕೆ ಇಲ್ಲಿ ಸ್ಥಳವೇ ಇಲ್ಲ.

ಕಟ್ಟಬೇಕೇ, ಬಿಡಬೇಕೇ?

ಸಂತ ತೋಮಸ್ ಅಕ್ವಿನಾಸರ ದಾರಿಯಲ್ಲಿ ನಡೆದ ನಮ್ಮ ನೀತಿಶಾಸ್ತ್ರ ನ್ಯಾಯವನ್ನು ಮೂರು ಮುಖಗಳಲ್ಲಿ ನೋಡುತ್ತದೆ. ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ನ್ಯಾಯ. ಸಮಾಜ ತನ್ನ ಸದಸ್ಯರಿಗೆ ಹಂಚುವ ನ್ಯಾಯ. ಸದಸ್ಯರು ಸರ್ವರ ಒಳಿತಿಗೆ ಸಲ್ಲಿಸುವ ನ್ಯಾಯ. ಕರೆಂಟಿನ ಬಿಲ್ಲು ಎಂಬ ಆ ಚಿಕ್ಕ ಚೀಟಿಯಲ್ಲಿ ಈ ಮೂರೂ ಸೇರಿವೆ.

ಮೊದಲನೆಯದರ ಪ್ರಕಾರ, ಪಡೆದದ್ದಕ್ಕೆ ಬೆಲೆ ಕೊಡಬೇಕು. ಕಳೆದ ತಿಂಗಳು ಉರಿದ ದೀಪ ಕಳೆದ ತಿಂಗಳೇ ಉರಿದಾಗಿದೆ. ಮಾರಿದವನು ಮುಂದೆ ಸೋಲಲಿ ಗೆಲ್ಲಲಿ, ನಾನು ಬಳಸಿದ್ದು ಸುಳ್ಳಾಗುವುದಿಲ್ಲ. ಅಂಗಡಿಯವನು ಅಂಗಡಿ ಮುಚ್ಚುತ್ತಾನಂತೆ ಎಂದು ಉದ್ರಿ ತೀರಿಸದೆ ಇರುವುದನ್ನು ನಾವು ಮೋಸ ಎನ್ನುತ್ತೇವೆ. ಮೀಟರ್ ತಪ್ಪಿಸಿ ಕೊಕ್ಕೆ ಹಾಕುವುದಂತೂ ಏಳನೆಯ ಕಟ್ಟಳೆಗೆ ನೇರವಾಗಿ ವಿರುದ್ಧ. 2003ರ ಕಾಯ್ದೆಯ 135ನೇ ಕಲಮು ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಕಾಯ್ದೆಯ ಭಯ ಬೇಡ, ನೆರೆಯವನ ಮುಖ ನೆನೆದರೆ ಸಾಕು. ಸಂಘದಿಂದ ಕದ್ದದ್ದು ನೆರೆಯವನ ಶೇರಿನಿಂದಲೇ ಕದ್ದದ್ದು.

ಎರಡನೆಯದು ಹಂಚಿಕೆಯ ನ್ಯಾಯ. ಕಟ್ಟಲಾರದವನೂ ಕಟ್ಟಲೊಲ್ಲದವನೂ ಒಂದೇ ಅಲ್ಲ. ಗಂಡನನ್ನು ಕಳೆದುಕೊಂಡು ಕೂಲಿಗೆ ಹೋಗುವ ತಾಯಿಯ ಬಾಕಿಯನ್ನೂ, ಎರಡು ಅಂತಸ್ತಿನ ಮನೆಯವರ ಬಾಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ದೃಷ್ಟಿಯಿಂದ ಸರ್ಕಾರದ ಸಹಾಯಕ್ಕೆ ನೈತಿಕ ಆಧಾರವಿದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ 200 ಯೂನಿಟ್ ಮಿತಿಯೊಳಗೆ, ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ವಿದ್ಯುತ್ ಕೊಡುತ್ತದೆ. ಹುಕ್ಕೇರಿ ಸಂಘದ ಬಳಕೆದಾರರೂ ಅದರಲ್ಲಿ ಸೇರಿದ್ದಾರೆ. ಆದರೆ ಮಕ್ಕಳಿಗೆ ಒಂದು ಮಾತು ತಿಳಿಸಿ ಹೇಳಬೇಕು. ಬಿಲ್ಲಿನಲ್ಲಿ ಸೊನ್ನೆ ಬಂದರೆ ಖರ್ಚು ಸೊನ್ನೆ ಎಂದಲ್ಲ. ನಮ್ಮ ಪರವಾಗಿ ಸರ್ಕಾರ, ಅಂದರೆ ತೆರಿಗೆ ಕೊಡುವ ಎಲ್ಲ ಜನ, ಆ ಹಣ ತುಂಬಬೇಕು. ಅದು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಸಣ್ಣ ಸಂಸ್ಥೆಯ ಕತ್ತು ಹಿಸುಕಿದಂತೆ. ಬಡವನ ಹೆಸರಿನಲ್ಲಿ ಮಾತು ಕೊಟ್ಟ ಸರ್ಕಾರ ಆ ಮಾತನ್ನು ತಡಮಾಡುವುದು ಅನ್ಯಾಯವೆಂದು ನಾವು ಅಂಜದೆ ಹೇಳಬೇಕು.

ಮೂರನೆಯದು ಸರ್ವರ ಒಳಿತಿಗೆ ಸಲ್ಲಬೇಕಾದ ನ್ಯಾಯ. ನಾವು ಬಹಳ ಮರೆಯುವುದು ಇದನ್ನೇ. ಸಂಘದ ಶೇರು ಪಡೆದವರು ಬರೀ ಗ್ರಾಹಕರಲ್ಲ, ಒಡೆಯರು. ವರ್ಷಕ್ಕೊಮ್ಮೆ ನಡೆಯುವ ಸಭೆಗೆ ಹೋಗದೆ, ಲೆಕ್ಕ ಕೇಳದೆ, ಆಡಳಿತ ಮಂಡಳಿಯ ಚುನಾವಣೆಯಲ್ಲಿ ಜಾತಿ ನೋಡಿ, ಊಟ ನೋಡಿ, ನೋಟು ನೋಡಿ ಮತ ಹಾಕಿ, ಆಮೇಲೆ “ಸಂಘ ಹಾಳಾಯಿತು” ಎಂದು ನಿಟ್ಟುಸಿರು ಬಿಟ್ಟರೆ ಆ ನಿಟ್ಟುಸಿರಿಗೆ ಅರ್ಥವೇನು? ಬಿತ್ತದ ಹೊಲದಲ್ಲಿ ಬೆಳೆ ಹುಡುಕಿದಂತೆ ಆಯಿತು.

ಆಡಳಿತ ನಡೆಸುವವರ ಜವಾಬ್ದಾರಿ ಇದಕ್ಕಿಂತ ದೊಡ್ಡದು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಎಣಿಸಬೇಕೆಂದು ಪ್ರಭು ಕಲಿಸಿದರು. ಬೇರೆಯವರ ಹಣದಲ್ಲಿ ಗೋಪುರ ಕಟ್ಟುವವರು ಎರಡು ಸಲ ಎಣಿಸಬೇಕು. ಸಹಕಾರಿ ಸಂಘದ ಕುರ್ಚಿ ಯಾರ ಮನೆತನದ ಸ್ವತ್ತೂ ಅಲ್ಲ; ಅದರ ಮೇಲೆ ಕುಳಿತವರು ಸಾವಿರಾರು ಅಡುಗೆಮನೆಗಳಿಗೆ ಉತ್ತರ ಹೇಳಬೇಕಾದ ಮೇಲ್ವಿಚಾರಕರು.

ಸಣ್ಣದು ಉಳಿಯಲೇಬೇಕೇ?

ಒಬ್ಬ ಯುವಕ ಕೇಳಬಹುದು: “ಇಷ್ಟೆಲ್ಲ ಪಾಡೇಕೆ ಫಾದರ್? ಸಣ್ಣ ಸಂಘವನ್ನು ದೊಡ್ಡ ಕಂಪನಿಗೆ ಕೊಟ್ಟುಬಿಟ್ಟರೆ ಮುಗಿಯಿತಲ್ಲ?” ಈ ಮಾತನ್ನು ತಳ್ಳಿಹಾಕಲಾಗದು. ಸಣ್ಣದು ಎಂಬ ಕಾರಣಕ್ಕೇ ಯಾವುದೂ ಪವಿತ್ರವಾಗುವುದಿಲ್ಲ. 2019ರ ಆಗಸ್ಟ್ ಪ್ರವಾಹವನ್ನು ನೆನೆಯಿರಿ. ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೇ ನುಗ್ಗಿತು. ಹಿರಣ್ಯಕೇಶಿಯೂ ದಂಡೆ ಮೀರಿತು. ಅಂಥ ಹೊತ್ತಿನಲ್ಲಿ ಏಳು ಜಿಲ್ಲೆಯ ಸಂಸ್ಥೆ ಬೇರೆ ಕಡೆಯಿಂದ ಆಳುಗಳನ್ನೂ ಸಾಮಾನನ್ನೂ ತರಬಲ್ಲದು. ಆ ಬಲ ಒಂದು ತಾಲ್ಲೂಕಿನ ಸಂಘಕ್ಕೆ ತಾನಾಗಿ ಇರುವುದಿಲ್ಲ.

ಇನ್ನೊಂದು ಮುಖವೂ ಇದೆ. ಸಣ್ಣ ಸಂಘದ ಕಚೇರಿಗೆ ಬಸ್ಸು ಹತ್ತಿ ಹೋಗಿ ಬೆಳಿಗ್ಗೆಯೇ ತಿರುಗಿ ಬರಬಹುದು. ಅಧ್ಯಕ್ಷರ ಮನೆ ಯಾವ ಓಣಿಯಲ್ಲಿದೆ ಎಂದು ಊರಿಗೆ ಗೊತ್ತು. 1931ರಲ್ಲಿ ಪೋಪ್ 11ನೇ ಪಿಯುಸ್ ಅವರು ತಮ್ಮ ವಿಶ್ವಪತ್ರದಲ್ಲಿ ಒಂದು ತತ್ವವನ್ನು ಸ್ಪಷ್ಟಪಡಿಸಿದರು. ಸಣ್ಣ ಸಮುದಾಯ ತಾನೇ ಮಾಡಬಲ್ಲದ್ದನ್ನು ದೊಡ್ಡದು ಕಿತ್ತುಕೊಳ್ಳಬಾರದು; ಸಣ್ಣದಕ್ಕೆ ಕೈಲಾಗದ ಕಡೆ ದೊಡ್ಡದು ನೆರವಿಗೆ ಬರಬೇಕು ಎಂಬುದು ಅದರ ಸಾರ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸೃಷ್ಟಿಯ ರಕ್ಷಣೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ಸ್ಥಳೀಯರೇ ಸಹಕಾರಿ ಸಂಘ ಕಟ್ಟಿ ತಮಗೆ ಬೇಕಾದ ಶಕ್ತಿಯನ್ನು ಒದಗಿಸಿಕೊಳ್ಳುವುದನ್ನು ಮೆಚ್ಚಿ ಹೆಸರಿಸಿದ್ದಾರೆ. ಹುಕ್ಕೇರಿಯ ಹಿರಿಯರು 1969ರಲ್ಲಿ ಮಾಡಿದ್ದು ಅದೇ ದಾರಿಯ ಕೆಲಸ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಸಂಘ ಜನರ ಸೇವೆಗಾಗಿ ಇದೆ, ಜನ ಸಂಘದ ಹೆಸರಿಗಾಗಿ ಇಲ್ಲ. ಪ್ರಾಮಾಣಿಕವಾಗಿ ಯತ್ನಿಸಿದ ಮೇಲೂ ಅದು ಬಡವನ ಮನೆಗೆ ನಂಬಿಕೆಯ ಬೆಳಕು ಕೊಡಲಾರದೆ ಹೋದರೆ, ಬೇರೆ ಕೈಗೆ ಒಪ್ಪಿಸುವುದು ಪಾಪವೂ ಅಲ್ಲ, ಅವಮಾನವೂ ಅಲ್ಲ. ಆದರೆ ನಾವೇ ಬಿಲ್ಲು ಉಳಿಸಿಕೊಂಡು, ಸಭೆ ತಪ್ಪಿಸಿ, ಕೊಕ್ಕೆಗೆ ಕಣ್ಣುಮುಚ್ಚಿ ಅದನ್ನು ಕೊಂದು, ಆಮೇಲೆ “ಸಣ್ಣದು ಬಾಳುವುದಿಲ್ಲ” ಎನ್ನುವುದು ಸತ್ಯಕ್ಕೆ ದೂರ.

ಮನೆಯಲ್ಲಿ ಮಾಡಬಹುದಾದದ್ದು

ಮನೆಯೊಡತಿಯ ಆತಂಕಕ್ಕೆ ಕೈಗೆಟಕುವ ಕೆಲವು ಮಾತುಗಳನ್ನೂ ಹೇಳಬೇಕು. ಸಂಪರ್ಕ ಪಡೆದಾಗ ಕಟ್ಟಿದ ಠೇವಣಿ ನಿಮ್ಮದೇ ಹಣ. ಅದಕ್ಕೆ ಬಡ್ಡಿ ಕೊಡಬೇಕೆಂದು ಕಾಯ್ದೆಯ 47ನೇ ಕಲಮು ಹೇಳುತ್ತದೆ. ಠೇವಣಿಯ ರಸೀದಿ, ಶೇರಿನ ಪತ್ರ, ಕಟ್ಟಿದ ಬಿಲ್ಲುಗಳನ್ನು ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರದಷ್ಟೇ ಜೋಪಾನವಾಗಿಡಿ. ನಾಳೆ ಕೈ ಬದಲಾದರೂ ನಿಮ್ಮ ಹಕ್ಕಿಗೆ ಸಾಕ್ಷಿ ಆ ಕಾಗದಗಳೇ. ಸಂಘದ ಸಾಲಕ್ಕೆ ನಮ್ಮ ಮನೆ ಜಪ್ತಿಯಾದೀತೇ ಎಂದು ಕೆಲವರು ಅಂಜುತ್ತಾರೆ. ಸಂಘದ ಹೆಸರಿನ ಕೊನೆಯಲ್ಲಿ ‘ನಿಯಮಿತ’ ಎಂದಿರುವುದರ ಅರ್ಥವೇ ಸದಸ್ಯನ ಹೊಣೆಗೆ ಮಿತಿಯುಂಟು ಎಂದು. ಸಂಘದ ಸಾಲಕ್ಕಾಗಿ ನಿಮ್ಮ ಮನೆಯ ಪಾತ್ರೆ ಹೊರಗೆ ಬರುವುದಿಲ್ಲ. ಬಾಕಿ ಇದ್ದರೂ 15 ದಿನಗಳ ಲಿಖಿತ ನೋಟೀಸು ಇಲ್ಲದೆ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನಲ್ಲಿ ತಪ್ಪು ಕಂಡರೆ ಜಗಳ ಬೇಡ, ಬರವಣಿಗೆಯಲ್ಲಿ ದೂರು ಕೊಡಿ. ಅದನ್ನು ಕೇಳಲು ಬಳಕೆದಾರರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

ಇನ್ನು ಧರ್ಮಕೇಂದ್ರದ ಮಟ್ಟದಲ್ಲಿ ಒಂದು ಕೆಲಸ. ನಿಮ್ಮ ಓಣಿಯಲ್ಲಿ ಬಿಲ್ಲು ಕಟ್ಟಲಾಗದೆ ನೋಟೀಸು ಪಡೆದ ಮನೆ ಯಾವುದಾದರೂ ಇದೆಯೇ? ನಾಚಿಕೆಯಿಂದ ಅವರು ಬಾಯಿ ಬಿಡುವುದಿಲ್ಲ. ಸಂತ ವಿನ್ಸೆಂಟ್ ದ ಪೌಲ್ ಸಭೆಯವರಾಗಲಿ, ನೆರೆಹೊರೆಯ ಪ್ರಾರ್ಥನಾ ಕೂಟದವರಾಗಲಿ ಆ ಮನೆಯ ಬಾಗಿಲಿಗೆ ಮೆಲ್ಲನೆ ಹೋಗಿ ವಿಚಾರಿಸಲಿ. ಪೀಠದ ಮುಂದೆ ಒಂದು ಮೇಣದಬತ್ತಿ ಹಚ್ಚಲು ಕೊಡುವ ಹಣದಲ್ಲಿ ಒಂದು ಪಾಲು ಒಬ್ಬ ವಿದ್ಯಾರ್ಥಿಯ ಓದಿನ ದೀಪಕ್ಕೆ ಹೋದರೆ ಪ್ರಭುವಿಗೆ ಅದರಿಂದ ಕೊರತೆಯೇನೂ ಆಗದು.

ಪ್ರಿಯ ತಂದೆ ತಾಯಿಯರೇ, ಸಂಜೆ ಜಪಸರಕ್ಕೆ ಮಕ್ಕಳೊಡನೆ ಕುಳಿತಾಗ ತಲೆಯ ಮೇಲೆ ಉರಿಯುವ ಬಲ್ಬಿನ ಕಡೆಗೆ ಒಮ್ಮೆ ಅವರ ಗಮನ ಸೆಳೆಯಿರಿ. ಮಳೆಗಾಲದ ರಾತ್ರಿ ಕಂಬ ಹತ್ತಿದ ಲೈನ್‌ಮನ್, ತಿಂಗಳ ಬಿಲ್ಲು ತಪ್ಪದೆ ಕಟ್ಟಿದ ನೆರೆಯವರು, 50 ವರ್ಷಕ್ಕೂ ಹಿಂದೆ ಶೇರು ಹಾಕಿದ ಅಜ್ಜ, ಇವರೆಲ್ಲರ ಪಾಲು ಆ ಬೆಳಕಿನಲ್ಲಿದೆಯೆಂದು ತಿಳಿಸಿ ಹೇಳಿ. ಹಾಗೆ ಕಲಿತ ಮಗು ಮುಂದೆ ಬಿಲ್ಲನ್ನೂ ಕಟ್ಟುತ್ತದೆ, ಸಭೆಯಲ್ಲಿ ಎದ್ದು ನಿಂತು ಲೆಕ್ಕವನ್ನೂ ಕೇಳುತ್ತದೆ. ನಾಳೆಯ ಬಗೆಗಿನ ನಮ್ಮ ಭಯ ನಮ್ಮನ್ನು ನೆರೆಯವರಿಂದ ದೂರ ಓಡಿಸದೆ, ಅವರ ಪಕ್ಕದಲ್ಲಿ ನಿಲ್ಲುವ ಧೈರ್ಯವಾಗಿ ಮಾರ್ಪಡಲಿ. ಪ್ರಭು ನಿಮ್ಮ ಮನೆಗಳನ್ನು ಬೆಳಗಿಸಲಿ.